ಪಿತ್ತನಾಳದ ತೂಬು: ಎಂಡೋಸ್ಕೋಪಿ ಚಿಕಿತ್ಸೆ ಯಾವಾಗ ಬೇಕು, ಯಾವಾಗ ಬೇಡ



2018ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ಚಾಮರಾಜಪೇಟೆಯ ನಮ್ಮ ಚಿಕಿತ್ಸಾಲಯಕ್ಕೆ ಬಂದವರಲ್ಲಿ ತಮ್ಮ ನೋವನ್ನು ಹೇಳಿಕೊಳ್ಳುವ ಮೊದಲು ಬೇರೊಂದು ಪ್ರಶ್ನೆಯನ್ನು ಕೇಳದವರು ವಿರಳ. ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಆಗ 111ರ ಇಳಿವಯಸ್ಸಿನಲ್ಲಿದ್ದರು. ಅವರ ಪಿತ್ತನಾಳದಲ್ಲಿ ಅಡಚಣೆಯುಂಟಾಗಿ, ಕೆಂಗೇರಿಯ ಬಳಿಯ ಬಿ.ಜಿ.ಎಸ್. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿಯ ಮೂಲಕ ಸ್ಟೆಂಟ್ ಅಳವಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಡಿಸೆಂಬರಿನಲ್ಲಿ ಅವರನ್ನು ಚೆನ್ನೈನ ರೇಲಾ ಸಂಸ್ಥೆಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ನಡೆಸಲಾಯಿತು. 2019ರ ಜನವರಿ 21ರಂದು ಪೂಜ್ಯರು ಲಿಂಗೈಕ್ಯರಾದರು. ಆ ದಿನಗಳಲ್ಲಿ ಭಕ್ತರು ನಮ್ಮನ್ನು ಕೇಳುತ್ತಿದ್ದುದು ಇಷ್ಟೇ: "ಸ್ಟೆಂಟ್ ಎನ್ನುವುದು ಹೃದಯಕ್ಕೆ ಹಾಕುವುದಲ್ಲವೇ? ಪಿತ್ತಕ್ಕೂ ಹಾಕುತ್ತಾರೆಯೇ? ಹೊಟ್ಟೆ ಕೊಯ್ಯದೆ ಹೇಗೆ ಹಾಕುತ್ತಾರೆ?"

ಅಂದು ನಾಲ್ಕು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸುತ್ತಿದ್ದೆವು. ಅನಂತರದ ವರ್ಷಗಳಲ್ಲಿ ಈ ಚಿಕಿತ್ಸೆಯನ್ನು ಮಾಡಿಸಿಕೊಂಡವರೂ, ಮಾಡಿಸಿಕೊಳ್ಳಬೇಕೋ ಬೇಡವೋ ಎಂದು ಕೇಳಿಕೊಂಡು ಬರುವವರೂ ಹೆಚ್ಚಾಗಿದ್ದಾರೆ. ಇವರಲ್ಲಿ ಕೂಡಲೇ ಹೋಗಬೇಕಾದವರು ತಡಮಾಡುತ್ತಾರೆ, ಹೋಗಬೇಕಾಗಿಲ್ಲದವರು ಅವಸರಪಡುತ್ತಾರೆ. ನಾವೇ ಒಮ್ಮೆ ತಡಮಾಡಿಸಿದವರಾದುದರಿಂದ ಈ ವಿಷಯವನ್ನು ವಿವರವಾಗಿ ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಆ ಸ್ಥಳದ ಪರಿಚಯವಾಗಬೇಕು. ಯಕೃತ್ತು ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ತಯಾರಿಸುತ್ತದೆ. ಅದು ಪೆನ್ಸಿಲಿಗಿಂತ ತುಸು ಸಪೂರವಾದ ಪಿತ್ತನಾಳದ ಮೂಲಕ ಕೆಳಗಿಳಿದು ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುತ್ತದೆ. ಮೇದೋಜ್ಜೀರಕ ಗ್ರಂಥಿಯಿಂದ, ಅಂದರೆ ಪ್ಯಾಂಕ್ರಿಯಾಸ್‌ನಿಂದ, ಹೊರಟ ನಾಳವೂ ಅದೇ ಸ್ಥಳಕ್ಕೆ ಬಂದು ಕೂಡುತ್ತದೆ. ಎರಡು ನಾಳಗಳೂ ಕರುಳಿನ ಗೋಡೆಯಲ್ಲಿರುವ ಒಂದು ಪುಟ್ಟ ಉಬ್ಬಿನ ಮೂಲಕ ತೆರೆದುಕೊಳ್ಳುತ್ತವೆ. ಆ ಉಬ್ಬಿನೊಳಗೆ, ಸುಮಾರು ಒಂದು ಸೆಂಟಿಮೀಟರಿನಷ್ಟು ಉದ್ದಕ್ಕೆ, ಉಂಗುರದಂತೆ ಸುತ್ತಿಕೊಂಡ ಸ್ನಾಯುವೊಂದಿದೆ. ಇದಕ್ಕೆ ಒಡ್ಡಿಯ ಸ್ಫಿಂಕ್ಟರ್ ಎಂದು ಹೆಸರು.

ಹಳ್ಳಿಯಿಂದ ಬಂದ ಹಿರಿಯರಿಗೆ ನಾವು ಇದನ್ನು ಕೆರೆಯ ತೂಬೆಂದು ವಿವರಿಸುತ್ತೇವೆ. ಪಿತ್ತಕೋಶವೇ ಕೆರೆ. ಉಪವಾಸದ ಹೊತ್ತಿನಲ್ಲಿ ತೂಬು ಬಿಗಿಯಾಗಿರುತ್ತದೆ, ಪಿತ್ತವು ಹಿಂದಕ್ಕೆ ಸರಿದು ಕೋಶದಲ್ಲಿ ನಿಲ್ಲುತ್ತದೆ. ಗಾಂಧಿ ಬಜಾರಿಗೆ ಹೋಗಿ ತುಪ್ಪ ಸುರಿದ ಮಸಾಲೆದೋಸೆ ತಿಂದಿರೆನ್ನಿ, ಜಿಡ್ಡು ಕರುಳನ್ನು ಮುಟ್ಟಿದೊಡನೆ ರಕ್ತದ ಮೂಲಕ ಒಂದು ಹಾರ್ಮೋನು ಸಂದೇಶ ಒಯ್ಯುತ್ತದೆ. ಪಿತ್ತಕೋಶವು ಸಂಕುಚಿಸುತ್ತದೆ, ತೂಬು ಸಡಿಲಗೊಳ್ಳುತ್ತದೆ, ಪಿತ್ತವು ಹರಿಯುತ್ತದೆ. ಒಳ್ಳೆಯ ನೀರಗಂಟಿಯಂತೆ ಈ ಸ್ನಾಯು ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂಬುದನ್ನು ಬಲ್ಲುದು. ಸುಶ್ರುತಾಚಾರ್ಯರು ಗುದದ ಮೂರು ವಲಿಗಳನ್ನು ಹೇಳುವಾಗ ಹೊರದೂಡುವುದಕ್ಕೆ ಪ್ರವಾಹಣಿಯೆಂದೂ, ಬಿಡುವುದಕ್ಕೆ ವಿಸರ್ಜನಿಯೆಂದೂ, ಮುಚ್ಚುವುದಕ್ಕೆ ಸಂವರಣಿಯೆಂದೂ ಹೆಸರಿಟ್ಟಿದ್ದಾರೆ. ಪಿತ್ತಮಾರ್ಗದ ಈ ಪುಟ್ಟ ಸ್ನಾಯು ಒಂದೇ ಆಗಿದ್ದು ವಿಸರ್ಜನೆ, ಸಂವರಣಗಳೆರಡನ್ನೂ ಮಾಡುತ್ತದೆ.

ಒಡ್ಡಿ ಎಂಬುದು ಇಟಲಿಯ ರುಜ್ಜೇರೊ ಒಡ್ಡಿಯ ಹೆಸರು. 1887ರಲ್ಲಿ, ಪೆರೂಜಿಯದಲ್ಲಿ ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದಾಗಲೇ ಆತನು ಈ ಸ್ನಾಯುವಿನ ಕಾರ್ಯವನ್ನು ವಿವರಿಸಿದನು. ಪ್ರತಿಭಾವಂತನಾದ ಆತನು ಮುಂದೆ ಮಾದಕದ್ರವ್ಯಗಳ ವಶನಾಗಿ, ಸ್ಥಾನಮಾನಗಳನ್ನು ಕಳೆದುಕೊಂಡು, ತಾಯ್ನಾಡಿನಿಂದ ದೂರದಲ್ಲಿ ತೀರಿಕೊಂಡನೆಂಬುದು ದುಃಖದ ಸಂಗತಿ. ಅಫೀಮಿನ ವರ್ಗದ ಔಷಧಗಳು ಬಿಗಿಗೊಳಿಸುವುದು ಆತನ ಹೆಸರಿನ ಈ ಸ್ನಾಯುವನ್ನೇ. ಆ ಮಾತಿಗೆ ಮುಂದೆ ಬರುತ್ತೇವೆ.

ಈ ತೂಬಿನ ಬಾಯಿಗೆ ಕಲ್ಲೊಂದು ಬಂದು ಸಿಕ್ಕಿಕೊಂಡರೆ ಏನಾಗುತ್ತದೆ? ಪಿತ್ತವು ಕರುಳಿಗೆ ಇಳಿಯದೆ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿಯಾಗುತ್ತದೆ, ಮೂತ್ರವು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ, ಮೈ ತುರಿಸುತ್ತದೆ. ಮಲಕ್ಕೆ ಬಣ್ಣ ಕೊಡುವುದು ಪಿತ್ತವೇ ಆದುದರಿಂದ ಮಲವು ಬಿಳಿಚಿಕೊಳ್ಳುತ್ತದೆ. ಚರಕಾಚಾರ್ಯರು ಚಿಕಿತ್ಸಾಸ್ಥಾನದ ಪಾಂಡುರೋಗದ ಅಧ್ಯಾಯದಲ್ಲಿ ಇದನ್ನು ಎಷ್ಟು ನಿಖರವಾಗಿ ಹೇಳಿದ್ದಾರೆಂದರೆ ಇಂದಿಗೂ ಅದಕ್ಕೆ ಸೇರಿಸಬೇಕಾದುದು ಅಲ್ಪ. ಕಾಮಾಲೆಯವನ ಮಲವು ಅರೆದ ಎಳ್ಳಿನ ಹಿಟ್ಟಿನ ಬಣ್ಣದಲ್ಲಿದ್ದರೆ, ಕಫವು ಪಿತ್ತದ ದಾರಿಯನ್ನು ಅಡ್ಡಗಟ್ಟಿದೆಯೆಂದು ತಿಳಿಯಬೇಕು ಎಂಬುದು ಅವರ ಅಭಿಪ್ರಾಯ. ನಾವು ಇದನ್ನು ರುದ್ಧಪಥ ಕಾಮಲಾ ಎನ್ನುತ್ತೇವೆ. ಮಾದಲಹಣ್ಣಿನ ರಸದಲ್ಲಿ ಜೇನು ಮತ್ತು ತ್ರಿಕಟು, ಹುರುಳಿಯ ಕಟ್ಟು, ಒಣಮೂಲಂಗಿಯ ಸಾರು ಮುಂತಾದವನ್ನು ಅವರು ಅಲ್ಲಿ ಹೇಳುತ್ತಾರೆ. ಎಲ್ಲಿಯವರೆಗೆ? ಮಲಕ್ಕೆ ಪಿತ್ತದ ಬಣ್ಣ ಮರಳುವವರೆಗೆ. ಅಂದರೆ ದಾರಿ ತೆರೆಯಿತೇ ಇಲ್ಲವೇ ಎಂಬುದನ್ನು ವೈದ್ಯನು ಕಣ್ಣಿಟ್ಟು ನೋಡುತ್ತಿರಬೇಕು.

ಈ ಪಾಠವನ್ನು ನಾವು ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ ಕಂಠಸ್ಥ ಮಾಡಿದ್ದೆವು. ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಹಾಗಿದ್ದೂ ತಪ್ಪಿದೆವು.

1990ರ ದಶಕದ ಕೊನೆಯಲ್ಲಿ, ಚಿಕ್ಕಪೇಟೆಯಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಕಣ್ಣು ಹಳದಿಯಾಗಿದೆಯೆಂದು ನಮ್ಮಲ್ಲಿಗೆ ಬಂದರು. ಅವರು ನಮ್ಮ ತಂದೆಯವರ ಸ್ನೇಹಿತರು. ಬಾಲ್ಯದಲ್ಲಿ ನಮಗೆ ಹಬ್ಬದ ಬಟ್ಟೆ ಅಳೆದು ಕೊಟ್ಟವರು. ಹಸಿವಿಲ್ಲ, ಬಲಗಡೆ ಪಕ್ಕೆಯ ಕೆಳಗೆ ಭಾರ, ಒಮ್ಮೊಮ್ಮೆ ನೋವು ಎಂದರು. ನಾಡಿ ನೋಡಿದೆವು, ನಾಲಿಗೆ ನೋಡಿದೆವು. ಮಲದ ಬಣ್ಣವನ್ನು ಕೇಳಲಿಲ್ಲ. ತಂದೆಯ ಸಮಾನರಾದವರ ಎದುರು, ಅವರ ಪತ್ನಿಯೂ ಸೊಸೆಯೂ ಪಕ್ಕದಲ್ಲಿ ಕುಳಿತಿರುವಾಗ, ಆ ಪ್ರಶ್ನೆಯನ್ನು ಕೇಳಲು ಸಂಕೋಚವಾಯಿತು. ಊರಿನಲ್ಲಿ ಆಗ ಕಾಮಾಲೆ ಹರಡಿತ್ತು. ಕೆಟ್ಟ ನೀರಿನಿಂದ ಬರುವ ಸಾಮಾನ್ಯ ಕಾಮಾಲೆಯೆಂದೇ ಬಗೆದು ಕಟುಕರೋಹಿಣಿ, ನೆಲನೆಲ್ಲಿ, ಪಥ್ಯ ಎಲ್ಲವನ್ನೂ ಹೇಳಿದೆವು. ಐದು ದಿನ ಕಳೆಯಿತು, ಹಳದಿ ಇಳಿಯಲಿಲ್ಲ. ಇನ್ನೂ ನಾಲ್ಕು ದಿನ ನೋಡೋಣವೆಂದೆವು. ಹತ್ತನೆಯ ದಿನ ಸಂಜೆ ಹಲ್ಲು ಕಟಕಟಿಸುವ ಚಳಿ, ಜ್ವರ. ರಾತ್ರಿಯ ವೇಳೆಗೆ ಮಗನ ಗುರುತು ಹಿಡಿಯಲಾರದಷ್ಟು ಮಂಕು ಕವಿಯಿತು.

ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಪಿತ್ತನಾಳದ ತುದಿಯಲ್ಲಿ ಕಲ್ಲು ಸಿಕ್ಕಿತ್ತು. ನಿಂತ ನೀರು ಕೊಳೆಯುವಂತೆ ನಿಂತ ಪಿತ್ತದಲ್ಲಿ ಸೋಂಕು ಬೆಳೆದು ರಕ್ತಕ್ಕೆ ಹರಡಿತ್ತು. ಬೆಳಗಿನ ಜಾವ ಎಂಡೋಸ್ಕೋಪಿಯ ಮೂಲಕ ತೂಬಿನ ಬಾಯನ್ನು ತುಸು ಕೊಯ್ದಾಗ ಪಿತ್ತಕ್ಕೆ ಬದಲಾಗಿ ಕೀವು ಬಂದಿತೆಂದು ಅಲ್ಲಿನ ವೈದ್ಯರು ನಮಗೆ ಹೇಳಿದರು. ಹಿರಿಯರು ಬದುಕಿದರು, ಮೂರು ವಾರ ಆಸ್ಪತ್ರೆಯಲ್ಲಿದ್ದರು. ಅವರ ಪತ್ನಿ, ನಮ್ಮನ್ನು ಎತ್ತಿ ಆಡಿಸಿದ ತಾಯಿ, ಮೊಗಸಾಲೆಯಲ್ಲಿ ಕುಳಿತು ಕೇಳಿದ ಒಂದೇ ಮಾತು: "ಏನಪ್ಪಾ, ನಿನಗೆ ಮೊದಲೇ ತಿಳಿಯಲಿಲ್ಲವೇ?" ಅದರಲ್ಲಿ ಕೋಪವಿರಲಿಲ್ಲ. ನಮ್ಮಲ್ಲಿ ಉತ್ತರವಿರಲಿಲ್ಲ. ಮೊದಲ ದಿನವೇ ಒಂದು ಪ್ರಶ್ನೆ ಕೇಳಿದ್ದರೆ ತಿಳಿಯುತ್ತಿತ್ತು.

ಅಂದಿನಿಂದ ಕಾಮಾಲೆಯೆಂದು ಬಂದವರು ಯಾರೇ ಆಗಲಿ, ಜಗದ್ಗುರುಗಳೇ ಆಗಲಿ, ನಮ್ಮ ಮೊದಲ ಪ್ರಶ್ನೆ ಮಲದ ಬಣ್ಣದ್ದು. ಎರಡನೆಯದು ಚಳಿಜ್ವರದ್ದು. ಹಳದಿ, ಬಲಪಕ್ಕೆಯ ಕೆಳಗೆ ನೋವು, ನಡುಕದ ಜ್ವರ ಈ ಮೂರೂ ಕೂಡಿದವೆಂದರೆ ಅದು ಸೊಪ್ಪಿನ ಔಷಧದ ಕಾಲವಲ್ಲ. ಫ್ರಾನ್ಸಿನ ಶಾರ್ಕೋ ಎಂಬ ವೈದ್ಯನು 1877ರಲ್ಲಿ ಈ ಮೂರು ಲಕ್ಷಣಗಳ ಕೂಟವನ್ನು ವಿವರಿಸಿದನು. ಇವುಗಳೊಡನೆ ಮಂಕು ಕವಿಯುವುದು, ರಕ್ತದೊತ್ತಡ ಕುಸಿಯುವುದು ಸೇರಿದರೆ ಗಂಟೆಗಳೂ ಅಮೂಲ್ಯ. ಮೂರು ದಿನ ಬೆಳಗ್ಗೆ ಬರಿಹೊಟ್ಟೆಗೆ ಸೊಪ್ಪು ಅರೆದು ಕೊಡುವವರು, ಕಣ್ಣಿಗೆ ರಸ ಬಿಡುವವರು, ಕೈಗೆ ಬರೆ ಹಾಕುವವರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಸಾಮಾನ್ಯ ಕಾಮಾಲೆಯು ಬಹುಪಾಲು ಜನರಲ್ಲಿ ವಿಶ್ರಾಂತಿ ಪಥ್ಯಗಳಿಂದ ತಾನಾಗಿಯೇ ಇಳಿಯುವುದರಿಂದ ಅವರಿಗೆ ಹೆಸರು ಬಂದಿದೆ. ಕಲ್ಲು ಸಿಕ್ಕಿಕೊಂಡ ಕಾಮಾಲೆಯ ಮುಂದೆ ಅವರೂ ನಾವೂ ಒಂದೇ. ಅರವತ್ತು ದಾಟಿದವರಲ್ಲಿ ನೋವೇ ಇಲ್ಲದೆ ಹಳದಿ ಏರುತ್ತ ತೂಕ ಇಳಿಯುತ್ತಿದ್ದರೆ ಗಡ್ಡೆಯ ಶಂಕೆಯಿಂದಲೇ ಪರೀಕ್ಷಿಸಬೇಕು. ಅಲ್ಲಿಯೂ ದಿನಗಳನ್ನು ಕಳೆಯುವಂತಿಲ್ಲ.

ಇನ್ನು ಚಿಕಿತ್ಸೆಯ ವಿಧಾನ. ಆಧುನಿಕರು ಇದನ್ನು ಇ.ಆರ್.ಸಿ.ಪಿ. ಎಂದು ಕರೆಯುತ್ತಾರೆ. ರೋಗಿಗೆ ನಿದ್ರೆ ಬರುವ ಔಷಧ ಕೊಟ್ಟು, ಬಾಯಿಯ ಮೂಲಕ ಬಳುಕುವ ಕೊಳವೆಯೊಂದನ್ನು ಜಠರ ದಾಟಿಸಿ ಸಣ್ಣ ಕರುಳಿನವರೆಗೆ ಇಳಿಸುತ್ತಾರೆ. ಸಾಮಾನ್ಯ ಎಂಡೋಸ್ಕೋಪಿನ ಕಣ್ಣು ತುದಿಯಲ್ಲಿ ನೇರಕ್ಕೆ ನೋಡುತ್ತದೆ. ಇದರ ಕಣ್ಣು ಪಕ್ಕಕ್ಕೆ ಇರುತ್ತದೆ, ಏಕೆಂದರೆ ನೋಡಬೇಕಾದ ಉಬ್ಬು ಕರುಳಿನ ಪಕ್ಕದ ಗೋಡೆಯಲ್ಲಿದೆ. ಆ ಉಬ್ಬಿನ ಸೂಕ್ಷ್ಮ ರಂಧ್ರದೊಳಗೆ ತಂತಿಯನ್ನು ತೂರಿಸಿ, ಬಣ್ಣದ ದ್ರವವನ್ನು ಬಿಟ್ಟು, ಎಕ್ಸ್‌ರೇ ತೆರೆಯ ಮೇಲೆ ನಾಳದ ಚಿತ್ರವನ್ನು ನೋಡುತ್ತಾರೆ. ಕಲ್ಲು ಕಂಡರೆ ವಿದ್ಯುತ್ ಹರಿಯುವ ತೆಳುತಂತಿಯಿಂದ ಸ್ನಾಯುವನ್ನು ಕೆಲವು ಮಿಲಿಮೀಟರಿನಷ್ಟು ಕೊಯ್ದು, ಪುಟ್ಟ ಬಲೂನಿನಿಂದಲೋ ಬುಟ್ಟಿಯಂಥ ತಂತಿಬಲೆಯಿಂದಲೋ ಕಲ್ಲನ್ನು ಕರುಳಿಗೆ ಎಳೆದು ಬಿಡುತ್ತಾರೆ. ಅದು ಮಲದೊಡನೆ ಹೊರಹೋಗುತ್ತದೆ. ಹೊಟ್ಟೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ. ಕಲ್ಲನ್ನು ಒಮ್ಮೆಲೇ ತೆಗೆಯಲಾಗದಿದ್ದರೆ, ಅಥವಾ ಗಡ್ಡೆಯಿಂದ ನಾಳ ಕಿರಿದಾಗಿದ್ದರೆ, ಪಿತ್ತ ಹರಿಯಲೆಂದು ಒಳಗೊಂದು ಕೊಳವೆಯನ್ನು ಇರಿಸುತ್ತಾರೆ. ಅದೇ ಸ್ಟೆಂಟ್.

1968ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಮೆಕ್ಯೂನ್ ಎಂಬ ಶಸ್ತ್ರವೈದ್ಯನೂ ಆತನ ಸಂಗಡಿಗರೂ ಈ ರೀತಿ ಬಣ್ಣ ತುಂಬಿ ನಾಳವನ್ನು ನೋಡಿದ ಮೊದಲ ವರದಿಯನ್ನು ನೀಡಿದರು. ಕೊಯ್ದು ಕಲ್ಲು ತೆಗೆಯುವುದು ಸಾಧ್ಯವಾದದ್ದು 1974ರಲ್ಲಿ. ಜರ್ಮನಿಯ ಎರ್ಲಾಂಗೆನ್‌ನಲ್ಲಿಯೂ ಜಪಾನಿನ ಕ್ಯೋಟೋದಲ್ಲಿಯೂ ಬೇರೆಬೇರೆಯಾಗಿ ಅದೇ ವರ್ಷ ಅದನ್ನು ಸಾಧಿಸಿದರು. ನಾವು ವಿದ್ಯಾರ್ಥಿಗಳಾಗಿದ್ದಾಗ ಪರಿಚಿತರೊಬ್ಬರನ್ನು ನೋಡಲು ವಿಕ್ಟೋರಿಯಾ ಆಸ್ಪತ್ರೆಗೆ ಹೋಗಿದ್ದೆವು. ಪಕ್ಕೆಯ ಉದ್ದಕ್ಕೂ ಕೊಯ್ದು ಕಲ್ಲು ತೆಗೆದಿದ್ದರು. ಇಂಗ್ಲಿಷಿನ ಟಿ ಅಕ್ಷರದಂಥ ರಬ್ಬರಿನ ನಳಿಕೆಯೊಂದು ಹೊಟ್ಟೆಯಿಂದ ಹೊರಬಂದು, ಮಂಚದ ಪಕ್ಕದ ಚೀಲಕ್ಕೆ ಹಸಿರು ಪಿತ್ತ ತೊಟ್ಟಿಕ್ಕುತ್ತಿತ್ತು. ಇಂದು ಅದೇ ವಿಕ್ಟೋರಿಯಾ ಆವರಣದಲ್ಲಿ ಜಠರಕರುಳಿನ ರೋಗಗಳಿಗೂ ಅಂಗಾಂಗ ಕಸಿಗೂ ಮೀಸಲಾದ ಸರ್ಕಾರಿ ಸಂಸ್ಥೆಯಿದೆ. ಚಾಮರಾಜಪೇಟೆ, ಬಸವನಗುಡಿಗಳವರಿಗೆ ಅದು ನಡೆದು ಹೋಗುವಷ್ಟು ಹತ್ತಿರ. ಖಾಸಗಿ ಆಸ್ಪತ್ರೆಯ ಖರ್ಚಿಗೆ ಅಂಜಿ ಮನೆಯಲ್ಲೇ ಕುಳಿತುಕೊಳ್ಳುವವರಿಗೆ ನಾವು ಮೊದಲು ಅಲ್ಲಿ ವಿಚಾರಿಸಿರೆಂದು ಹೇಳುತ್ತೇವೆ. ಪಡಿತರ ಚೀಟಿಯನ್ನೂ ಆಯುಷ್ಮಾನ್ ಕಾರ್ಡನ್ನೂ ಜೊತೆಗೆ ಒಯ್ಯಲಿ.

ಒಂದು ಗೊಂದಲವನ್ನು ಇಲ್ಲಿಯೇ ನಿವಾರಿಸಬೇಕು. ಇ.ಆರ್.ಸಿ.ಪಿ.ಯಿಂದ ತೆಗೆಯುವುದು ನಾಳದ ಕಲ್ಲನ್ನು. ಪಿತ್ತಕೋಶದೊಳಗಿನ ಕಲ್ಲುಗಳು ಹಾಗೆಯೇ ಉಳಿಯುತ್ತವೆ. ಆದುದರಿಂದ ನಾಳವನ್ನು ತೆರೆದ ಮೇಲೆ ದೇಹಸ್ಥಿತಿ ಅನುಕೂಲವಾಗಿದ್ದರೆ ಪಿತ್ತಕೋಶವನ್ನೂ ತೆಗೆಸಲು ಹೇಳುತ್ತಾರೆ. "ಈಗತಾನೆ ಕಲ್ಲು ತೆಗೆದಿರಲ್ಲ, ಮತ್ತೇಕೆ ಆಪರೇಷನ್" ಎಂದು ಕೇಳಿ ಮನೆಗೆ ಹೋದವರು ತಿಂಗಳುಗಳ ನಂತರ ಅದೇ ತೊಂದರೆಯಿಂದ ಮರಳುತ್ತಾರೆ. ಬಾಳೆದಿಂಡಿನ ಪಲ್ಯ, ಬಾಳೆದಿಂಡಿನ ರಸಗಳಿಂದ ಈ ಕಲ್ಲು ಕರಗುವುದೂ ಇಲ್ಲ. ಆ ನಂಬಿಕೆ ಮೂತ್ರಪಿಂಡದ ಕಲ್ಲಿಗೆ ಸಂಬಂಧಿಸಿದ್ದು, ಇಲ್ಲಿಗೆ ಹೇಗೋ ವಲಸೆ ಬಂದಿದೆ. ಕಡಲೆಕಾಯಿ ಪರಿಷೆ ಮುಗಿದ ವಾರ ಬಸವನಗುಡಿಯಿಂದ ನಮ್ಮಲ್ಲಿಗೆ ಪಕ್ಕೆನೋವಿನವರು ತುಸು ಹೆಚ್ಚಾಗಿಯೇ ಬರುತ್ತಾರೆ. ಪಿತ್ತಕೋಶದಲ್ಲಿ ಕಲ್ಲಿದೆಯೆಂದು ತಿಳಿದೂ ಸೇರುಗಟ್ಟಲೆ ಹುರಿದ ಕಡಲೆಕಾಯಿ ತಿಂದವರು ಬಸವಣ್ಣನ ಮೇಲೆ ಭಾರ ಹಾಕಬಾರದು.

ಈಗ ಮತ್ತೊಂದು ಪಕ್ಷ, ಹೋಗಬೇಕಾಗಿಲ್ಲದವರ ಪಕ್ಷ. ಪಿತ್ತಕೋಶವನ್ನು ತೆಗೆಸಿದ ಮೇಲೂ ಕೆಲವರಿಗೆ ಹಳೆಯ ನೋವು ಮರುಕಳಿಸುತ್ತದೆ. ನಾಳದಲ್ಲಿ ಕಲ್ಲಿರುವುದಿಲ್ಲ. ಇಂಥವರಲ್ಲಿ ತೂಬೇ ಸರಿಯಾಗಿ ಸಡಿಲಗೊಳ್ಳುತ್ತಿಲ್ಲವೆಂಬ ಶಂಕೆ ಬರುತ್ತದೆ. ವೈದ್ಯರು ಇವರನ್ನು ಮೂರು ಗುಂಪು ಮಾಡುತ್ತಿದ್ದರು. ನೋವಿನೊಡನೆ ನಾಳ ಹಿಗ್ಗಿದೆ, ಯಕೃತ್ತಿನ ರಕ್ತಪರೀಕ್ಷೆಯೂ ಏರಿದೆ ಎಂದಾದರೆ ಅದು ಮೊದಲ ಗುಂಪು. ಎರಡರಲ್ಲಿ ಒಂದು ಮಾತ್ರ ಇದ್ದರೆ ಎರಡನೆಯದು. ಬರಿಯ ನೋವು, ಪರೀಕ್ಷೆಗಳೆಲ್ಲ ಸರಿ ಎಂದಾದರೆ ಮೂರನೆಯದು. ಮೊದಲ ಗುಂಪಿನವರಲ್ಲಿ ತೂಬಿನ ಬಾಯಿ ನಿಜವಾಗಿಯೇ ಕಿರಿದಾಗಿರುತ್ತದೆ. ಕೊಯ್ದರೆ ಗುಣ ಕಾಣುತ್ತದೆ. ಎರಡನೆಯವರಲ್ಲಿ ಕೆಲವರಿಗೆ ಲಾಭ, ಕೆಲವರಿಗೆ ಇಲ್ಲ. ಮೂರನೆಯವರನ್ನೂ ವರ್ಷಾನುಗಟ್ಟಲೆ ಕೊಯ್ಯುತ್ತ ಬಂದರು.

ಕೊನೆಗೆ ಅಮೆರಿಕದ ಕೆಲವು ಆಸ್ಪತ್ರೆಗಳವರು ಕೂಡಿ ಇದನ್ನು ಒರೆಗೆ ಹಚ್ಚಿದರು. ಎಪಿಸಾಡ್ ಎಂಬ ಹೆಸರಿನ ಆ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪಿತ್ತಕೋಶ ತೆಗೆಸಿದ ಮೇಲೆ ನೋವಿನಿಂದ ಬಳಲುತ್ತಿದ್ದ, ಪರೀಕ್ಷೆಗಳಲ್ಲಿ ದೋಷ ಕಾಣದ 214 ಜನರಲ್ಲಿ 141 ಜನರಿಗೆ ಸ್ನಾಯುವನ್ನು ಕೊಯ್ದರು. ಉಳಿದ 73 ಜನರಿಗೆ ಕೊಳವೆ ಇಳಿಸಿ, ಸ್ನಾಯುವಿನ ಒತ್ತಡವನ್ನು ಅಳೆದು, ಕೊಯ್ಯದೆ ಹಿಂತೆಗೆದರು. ಯಾರಿಗೆ ಏನು ಮಾಡಿದೆಯೆಂಬುದನ್ನು ರೋಗಿಗೆ ತಿಳಿಸಲಿಲ್ಲ. ಒಂದು ವರ್ಷದ ನಂತರ ನೋಡಿದಾಗ ಕೊಯ್ಸಿಕೊಂಡವರಲ್ಲಿ ಶೇಕಡ 23 ಮಂದಿಗೆ ಉಪಶಮನ ದೊರೆತಿತ್ತು. ಕೊಯ್ಯದೆ ಬಿಟ್ಟವರಲ್ಲಿ? ಶೇಕಡ 37 ಮಂದಿಗೆ! ಕೊಯ್ದುದರಿಂದ ಯಾವ ಲಾಭವೂ ಕಾಣಲಿಲ್ಲ. ಇದಕ್ಕೆ ತೆತ್ತ ಬೆಲೆಯೆಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ: ಕೊಯ್ಸಿಕೊಂಡವರಲ್ಲಿ ಶೇಕಡ 11, ಕೊಯ್ಯದವರಲ್ಲಿ ಶೇಕಡ 15. ಅಂದರೆ ಕೊಯ್ಯುವುದಿರಲಿ, ಆ ಸೂಕ್ಷ್ಮ ಬಾಯಿಗೆ ಉಪಕರಣ ತಾಗಿಸುವುದೇ ಗ್ರಂಥಿಯನ್ನು ಕೆರಳಿಸಬಲ್ಲದು. 2016ರಲ್ಲಿ ಜಠರಕರುಳಿನ ತಜ್ಞರ ಅಂತರರಾಷ್ಟ್ರೀಯ ಮಂಡಳಿಯು ಆ ಮೂರನೆಯ ಗುಂಪನ್ನೇ ಕೈಬಿಟ್ಟಿತು.

ಮಲ್ಲೇಶ್ವರದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಇಂಥ ಸ್ಥಿತಿಯಲ್ಲಿ ನಮ್ಮಲ್ಲಿಗೆ ಬಂದಿದ್ದರು. ಪಿತ್ತಕೋಶ ತೆಗೆಸಿ ಎರಡು ವರ್ಷವಾಗಿತ್ತು. ಮೂರು ತಿಂಗಳಿಂದ ರಾತ್ರಿಯ ಹೊತ್ತು ಎದೆಗೂಡಿನ ಕೆಳಗೆ ಹಿಂಡುವಂಥ ನೋವು. ಇ.ಆರ್.ಸಿ.ಪಿ. ಮಾಡಿಸಿಕೊಳ್ಳಿರೆಂದು ಯಾರೋ ಹೇಳಿದ್ದರು, ದಿನವೂ ಗೊತ್ತಾಗಿತ್ತು. ರಕ್ತಪರೀಕ್ಷೆಗಳು ಸರಿಯಾಗಿದ್ದವು; ಎಂ.ಆರ್.ಸಿ.ಪಿ. ಚಿತ್ರದಲ್ಲಿ ನಾಳ ಹಿಗ್ಗಿರಲಿಲ್ಲ, ಕಲ್ಲಿರಲಿಲ್ಲ. ಅವರು ಸೇವಿಸುತ್ತಿದ್ದ ಔಷಧಗಳನ್ನೆಲ್ಲ ಚೀಲ ಸಮೇತ ತರಿಸಿ ಮೇಜಿನ ಮೇಲೆ ಹರಡಿದೆವು. ಮೊಣಕಾಲಿನ ಮಾತ್ರೆ, ರಕ್ತದೊತ್ತಡದ ಮಾತ್ರೆ, ಇವುಗಳ ನಡುವೆ ಕೋಡೀನ್ ಇರುವ ಕೆಮ್ಮಿನ ಸಿರಪ್ಪು. ಒಣಕೆಮ್ಮಿಗೆಂದು ಆರಂಭಿಸಿದ್ದು, ನಿದ್ದೆ ಚೆನ್ನಾಗಿ ಬರುತ್ತದೆಯೆಂದು ಬಿಡದೆ ಮುಂದುವರಿಸಿದ್ದರು. ಕೋಡೀನು ಅಫೀಮಿನ ಕುಲದ್ದು, ತೂಬನ್ನು ಬಿಗಿಯುತ್ತದೆ. ಪಿತ್ತಕೋಶವಿರುವವರಲ್ಲಿ ಹಿಂದೊತ್ತಿದ ಪಿತ್ತಕ್ಕೆ ಕೋಶದಲ್ಲಿ ಜಾಗವಿರುತ್ತದೆ. ತೆಗೆಸಿದವರಲ್ಲಿ ಒತ್ತಡವೆಲ್ಲ ನಾಳದ ಮೇಲೆಯೇ. ಸಿರಪ್ಪನ್ನು ನಿಲ್ಲಿಸಿದ ಮೇಲೆ ಎರಡು ವಾರಗಳಲ್ಲಿ ನೋವು ಹೋಯಿತು. ಕೆಮ್ಮಿಗೆ ಸಿತೋಪಲಾದಿ ಚೂರ್ಣ ಕೊಟ್ಟೆವು. ನಮ್ಮವರು ಹೆಮ್ಮೆಪಡಬೇಕಾಗಿಲ್ಲ; ಅತಿಸಾರಕ್ಕೆ ನಾವು ಕೊಡುವ ಕರ್ಪೂರರಸದಲ್ಲಿಯೂ ಅಹಿಫೇನವಿದೆ, ಅಹಿಫೇನವೆಂದರೆ ಅಫೀಮೇ. ಪಿತ್ತಕೋಶ ತೆಗೆಸಿದವರಿಗೆ ಅದನ್ನು ಕೊಡುವಾಗ ಈ ಮಾತನ್ನು ನೆನಪಿಡುವ ವೈದ್ಯರು ಎಷ್ಟು ಜನ?

ಗ್ರಂಥಿಯ ಕಡೆಯ ಸ್ನಾಯುವಿನ ದೋಷದಿಂದ ಉರಿಯೂತ ಮತ್ತೆ ಮತ್ತೆ ಬರುವುದೆಂದು ಹೇಳಿ ಆ ಭಾಗವನ್ನೂ ಕೊಯ್ಯುವುದುಂಟು. ಅದರ ಪ್ರಯೋಜನ ಇನ್ನೂ ಚರ್ಚೆಯಲ್ಲಿದೆ. ಉರಿಯೂತ ಮರುಕಳಿಸುವವರು ಮೊದಲು ಮದ್ಯ, ಪಿತ್ತದ ಕಲ್ಲು, ರಕ್ತದ ಕೊಬ್ಬು, ಕ್ಯಾಲ್ಸಿಯಂ ಇವುಗಳನ್ನು ಪರೀಕ್ಷಿಸಿಕೊಳ್ಳಲಿ.

ಹಾಗಾದರೆ ಭಕ್ತರು ಆಸ್ಪತ್ರೆಯಲ್ಲಿ ಏನು ಕೇಳಬೇಕು? "ಅಡಚಣೆ ಕಂಡಿದೆಯೇ? ಯಾವ ಪರೀಕ್ಷೆಯಲ್ಲಿ ಕಂಡಿದೆ?" ಎಂದು ಕೇಳಿರಿ. ಹಿಂದೆ ರೋಗ ಪತ್ತೆ ಮಾಡಲೆಂದೇ ಇ.ಆರ್.ಸಿ.ಪಿ. ಮಾಡುತ್ತಿದ್ದರು. ಇಂದು ಎಂ.ಆರ್.ಸಿ.ಪಿ.ಯಿಂದಾಗಲಿ, ಎಂಡೋಸ್ಕೋಪಿಯ ತುದಿಗೆ ಅಲ್ಟ್ರಾಸೌಂಡ್ ಜೋಡಿಸಿದ ಪರೀಕ್ಷೆಯಿಂದಾಗಲಿ ನಾಳವನ್ನು ಮುಟ್ಟದೆಯೇ ನೋಡಬಹುದು. ಇ.ಆರ್.ಸಿ.ಪಿ.ಯು ಚಿಕಿತ್ಸೆಗೆ, ಕುತೂಹಲಕ್ಕಲ್ಲ. ಅಡಚಣೆ ಕಂಡಿದೆಯೆಂದರೆ ಅಂಜದೆ ಒಪ್ಪಿರಿ. ಕಲ್ಲಿನಿಂದ ಕೀವಾಗುವುದರ ಮುಂದೆ ಚಿಕಿತ್ಸೆಯ ಅಪಾಯಗಳು ಚಿಕ್ಕವು: ನೂರರಲ್ಲಿ ಕೆಲವರಿಗೆ ಗ್ರಂಥಿಯ ಉರಿಯೂತ, ಅದಕ್ಕಿಂತ ಕಡಿಮೆ ಮಂದಿಗೆ ರಕ್ತಸ್ರಾವ, ಅಪರೂಪಕ್ಕೆ ಕರುಳಿಗೆ ರಂಧ್ರ. ಉರಿಯೂತವನ್ನು ತಗ್ಗಿಸಲು ಇಂಡೊಮೆಥಾಸಿನ್ ಎಂಬ ಔಷಧವನ್ನು ಗುದಮಾರ್ಗದಲ್ಲಿ ಇಡುತ್ತಾರೆ. 2012ರಲ್ಲಿ ಪ್ರಕಟವಾದ, ಹೆಚ್ಚಿನ ಅಪಾಯವಿದ್ದ 602 ರೋಗಿಗಳ ಅಧ್ಯಯನದಲ್ಲಿ ಉರಿಯೂತವು ಶೇಕಡ 16.9ರಿಂದ 9.2ಕ್ಕೆ ಇಳಿಯಿತು. ಬಸ್ತಿ, ಫಲವರ್ತಿಗಳನ್ನು ನಂಬಿದ ನಮ್ಮಂಥವರಿಗೆ ಇದನ್ನು ಓದಿ ಒಳಗೊಳಗೇ ಸಂತೋಷವಾಯಿತೆಂದರೆ ತಪ್ಪಲ್ಲವಷ್ಟೆ. ರಕ್ತ ತೆಳುವಾಗುವ ಮಾತ್ರೆ ಸೇವಿಸುವವರು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು. ಮನೆಗೆ ಬಂದ ಮೇಲೆ ಬೆನ್ನಿಗೆ ಹಾಯುವ ಹೊಟ್ಟೆನೋವು, ಬಿಡದ ವಾಂತಿ, ಕಪ್ಪು ಮಲ, ಜ್ವರ ಇವುಗಳಲ್ಲಿ ಯಾವುದು ಕಂಡರೂ ಅಂದೇ ಮರಳಿ ಹೋಗಬೇಕು.

ಲಿಂಗವಂತರು ಹಲವರು ಸಂಕೋಚದಿಂದ ಕೇಳುವ ಪ್ರಶ್ನೆಯೊಂದಿದೆ. ಎಂ.ಆರ್.ಸಿ.ಪಿ. ಕೋಣೆಯಲ್ಲಿ ಬಲವಾದ ಅಯಸ್ಕಾಂತವಿರುವುದರಿಂದ ಲೋಹದ ಕರಡಿಗೆಯನ್ನು ಒಳಗೆ ಬಿಡುವುದಿಲ್ಲ, ಇ.ಆರ್.ಸಿ.ಪಿ.ಯಲ್ಲಿ ಅದು ಎಕ್ಸ್‌ರೇ ಚಿತ್ರದ ಮೇಲೆ ನೆರಳು ಬೀಳಿಸಬಹುದು. ಮೇಜಿನ ಮೇಲೆ ಮಲಗಿದ ಬಳಿಕ ತೆಗೆಯಿರಿ ಎಂದರೆ ಹಿರಿಯರ ಮನಸ್ಸು ಕದಡುತ್ತದೆ. ಹಿಂದಿನ ದಿನವೇ ಸಿಬ್ಬಂದಿಯೊಡನೆ ಮಾತನಾಡಿ, ಅಂದು ಬೆಳಗ್ಗೆ ಪೂಜೆ ಮುಗಿಸಿ, ಇಷ್ಟಲಿಂಗವನ್ನು ಮಡಿವಸ್ತ್ರದಲ್ಲಿ ಸುತ್ತಿ ಜೊತೆಗೆ ಬಂದ ಹಿರಿಯರೊಬ್ಬರ ಅಂಗೈಯಲ್ಲಿ ಇರಿಸಿ ಒಳಗೆ ಹೋಗುವುದನ್ನು ನಾವು ಕಂಡಿದ್ದೇವೆ. ಹೊರಗೆ ಬಂದೊಡನೆ ಮರಳಿ ಧರಿಸುತ್ತಾರೆ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದು ಮಾತು ಮುಖ್ಯ. ಪ್ಲಾಸ್ಟಿಕ್ಕಿನ ಸ್ಟೆಂಟು ಸುಮಾರು ಮೂರು ತಿಂಗಳಲ್ಲಿ ಕಸದಿಂದ ಕಟ್ಟಿಕೊಳ್ಳಲು ತೊಡಗುತ್ತದೆ. ಅದನ್ನು ತೆಗೆಯಬೇಕು ಅಥವಾ ಬದಲಿಸಬೇಕು. ಲೋಹದ್ದು ಹೆಚ್ಚು ಕಾಲ ಬಾಳುತ್ತದೆ, ಆದರೂ ಶಾಶ್ವತವಲ್ಲ. ಹಾಕಿದ ಮೇಲೆ ಹಳದಿ ಇಳಿಯುತ್ತದೆ, ಹಸಿವು ಮರಳುತ್ತದೆ, ಒಳಗೊಂದು ಕೊಳವೆಯಿದೆಯೆಂಬುದೇ ಮರೆತುಹೋಗುತ್ತದೆ. ಶಂಕರಪುರದ ಒಬ್ಬರು ಎರಡು ವರ್ಷ ಮರೆತು, ಚಳಿಜ್ವರದಿಂದ ನಡುಗುತ್ತ ನಮ್ಮಲ್ಲಿಗೆ ಬಂದರು. ಸ್ಟೆಂಟಿನ ವಿಷಯವನ್ನು ಅವರು ಹೇಳಲಿಲ್ಲ. ಹಳೆಯ ಕಾಗದಗಳನ್ನು ಹುಡುಕಿದ ಮೊಮ್ಮಗಳು ಹೇಳಿದಳು. ಹಾಕಿದ ದಿನವನ್ನೂ ತೆಗೆಸಬೇಕಾದ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿಡಿ. ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಿಳಿದಿರಲಿ.

ಚಿಕ್ಕಪೇಟೆಯ ಆ ಹಿರಿಯರು ಆಮೇಲೆ ಪಿತ್ತಕೋಶವನ್ನೂ ತೆಗೆಸಿಕೊಂಡು ಹದಿನಾಲ್ಕು ವರ್ಷ ಬಾಳಿದರು. ಮೊಣಕಾಲು ನೋವಿಗೂ ಮಲಬದ್ಧತೆಗೂ ನಮ್ಮಲ್ಲಿಗೇ ಬರುತ್ತಿದ್ದರು. ಬಂದಾಗಲೆಲ್ಲ, ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ, ಕಾದು ಕುಳಿತ ಹತ್ತು ಜನರ ಎದುರು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು: "ಡಾಕ್ಟರಪ್ಪಾ, ನೀನು ಕೇಳುವುದಕ್ಕೆ ಮೊದಲೇ ಹೇಳಿಬಿಡುತ್ತೇನೆ, ಬಣ್ಣ ಸರಿಯಾಗಿದೆ!"